ರಾಜೀನಾಮೆ ಕೊಡಲಾಗದ ನಾಯಕ

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಒಂದು ಪಟ್ಟಿ ತಪ್ಪದೆ ಬರುತ್ತದೆ. ಲಿಬಿಯಾದ ಗಡಾಫಿ ತನ್ನ ಜನರಿಗೆ ಏನೇನು ಕೊಟ್ಟಿದ್ದ ಎಂಬ ಪಟ್ಟಿ ಅದು. ಕರೆಂಟ್ ಪುಕ್ಕಟೆ, ಓದು ಪುಕ್ಕಟೆ, ಆಸ್ಪತ್ರೆ ಪುಕ್ಕಟೆ, ಹೊಸದಾಗಿ ಮದುವೆಯಾದವರಿಗೆ ಮನೆ ಮಾಡಲು ಹಣ. ಕೊನೆಗೆ ಇಂಥವನನ್ನು ಕೊಂದರಲ್ಲ ಎಂಬ ನಿಟ್ಟುಸಿರು. ಅದೇ ವಾರ ಬೇರೆ ಕಡೆಯಿಂದ ಆತನ ಕೊನೆಯ ಗಳಿಗೆಯ ರಕ್ತಸಿಕ್ತ ಚಿತ್ರವೂ ಬರುತ್ತದೆ. ಅದರ ಕೆಳಗೆ ಮಾಡಿದ್ದುಣ್ಣೋ ಮಹಾರಾಯ ಎಂಬ ಧಾಟಿಯ ಮಾತು. ಮೊದಲನೆಯವರಿಗೆ ಗಡಾಫಿ ಹುತಾತ್ಮ, ಎರಡನೆಯವರಿಗೆ ತಕ್ಕ ಶಾಸ್ತಿಯಾದ ಪಾಪಿ. ಇಬ್ಬರೂ ಒಂದು ಪ್ರಶ್ನೆಯನ್ನು ಬದಿಗೆ ಸರಿಸಿಬಿಡುತ್ತಾರೆ ಎಂದು ನನಗನ್ನಿಸುತ್ತದೆ. ನಲವತ್ತೆರಡು ವರ್ಷ ಆಳಿದ ಮನುಷ್ಯನನ್ನು ಇಳಿಸಲು ಕೊಲ್ಲುವುದರ ಹೊರತು ಬೇರೆ ದಾರಿ ಯಾಕೆ ಉಳಿದಿರಲಿಲ್ಲ? ಮತ್ತು ಆ ಕೊಲೆಯನ್ನು ನ್ಯಾಯ ಎಂದು ಕರೆಯಬಹುದೇ?

ಪಟ್ಟಿಯಿಂದಲೇ ಶುರು ಮಾಡೋಣ. ಅದರಲ್ಲಿ ಉತ್ಪ್ರೇಕ್ಷೆ ಸಾಕಷ್ಟಿದೆ, ಆದರೆ ಎಲ್ಲವೂ ಸುಳ್ಳಲ್ಲ. ಮುಅಮ್ಮರ್ ಗಡಾಫಿ 1942ರ ಸುಮಾರಿಗೆ ಸಿರ್ತ್ ಬಳಿಯ ಮರುಭೂಮಿಯಲ್ಲಿ, ಡೇರೆಯಲ್ಲಿ ಬದುಕುತ್ತಿದ್ದ ಬೆದೂಯಿನ್ ಕುಟುಂಬದಲ್ಲಿ ಹುಟ್ಟಿದ. ಆತನ ಹಿಂದಿನ ತಲೆಮಾರು ಇಟಲಿಯ ವಸಾಹತು ಆಳ್ವಿಕೆಯಲ್ಲಿ ನರಳಿತ್ತು. ಮರುಭೂಮಿಯ ಹೋರಾಟಗಾರ ಉಮರ್ ಮುಖ್ತಾರ್‌ನನ್ನು ಇಟಲಿಯವರು 1931ರಲ್ಲಿ ಗಲ್ಲಿಗೇರಿಸಿದ್ದರು. ಬಾಲಕ ಗಡಾಫಿ ಕೈರೋ ರೇಡಿಯೋದಲ್ಲಿ ನಾಸೆರ್ ಭಾಷಣ ಕೇಳುತ್ತ ಬೆಳೆದ. 1969ರ ಸೆಪ್ಟೆಂಬರ್ 1ರಂದು, ದೊರೆ ಇದ್ರಿಸ್ ಚಿಕಿತ್ಸೆಗೆಂದು ಟರ್ಕಿಯಲ್ಲಿದ್ದಾಗ, ಕಿರಿಯ ಸೇನಾಧಿಕಾರಿಗಳ ಗುಂಪೊಂದು ಹೆಚ್ಚುಕಡಿಮೆ ರಕ್ತ ಹರಿಸದೆಯೇ ಅಧಿಕಾರ ಹಿಡಿಯಿತು. ಅದರ ಮುಂದಾಳಿಗೆ ಆಗ ಇಪ್ಪತ್ತೇಳು ವರ್ಷ.

ಮುಂದಿನ ವರ್ಷವೇ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾ ನೆಲೆಗಳು ಲಿಬಿಯಾದಿಂದ ಜಾಗ ಖಾಲಿ ಮಾಡಿದವು. ವಿದೇಶಿ ಕಂಪನಿಗಳೊಂದಿಗೆ ಗಟ್ಟಿಯಾಗಿ ಚೌಕಾಶಿ ಮಾಡಿ ತೈಲದ ಬೆಲೆ ಏರಿಸಿಕೊಳ್ಳಲಾಯಿತು. ಆ ಹಣದಲ್ಲಿ ಶಾಲೆ, ಆಸ್ಪತ್ರೆ, ಮನೆಗಳು ಎದ್ದವು. ಸಹಾರಾದ ಆಳದ ನೀರನ್ನು ದೈತ್ಯ ಕೊಳವೆಗಳಲ್ಲಿ ಕರಾವಳಿಯ ನಗರಗಳಿಗೆ ಹರಿಸುವ ಯೋಜನೆ ಜಾರಿಗೆ ಬಂತು. 1991ರಲ್ಲಿ ಬೆಂಗಾಜಿಗೂ 1996ರಲ್ಲಿ ಟ್ರಿಪೋಲಿಗೂ ಆ ನೀರು ತಲುಪಿತು. ಇವನ್ನೆಲ್ಲ ಅಲ್ಲಗಳೆಯುವುದು ಅಪ್ರಾಮಾಣಿಕತೆ. ಗುಲಾಮಗಿರಿಯ ನೆನಪು ಇನ್ನೂ ಹಸಿಯಾಗಿದ್ದ ಜನರಿಗೆ ತಲೆ ಎತ್ತಿ ನಡೆಯುವ ಧೈರ್ಯ ಕೊಟ್ಟದ್ದೂ ಸಣ್ಣ ಕೆಲಸವಲ್ಲ. ಅದೂ ಒಂದು ನೈತಿಕ ಸಾಧನೆಯೇ.

ಆದರೆ ನನ್ನನ್ನು ಕಾಡುವುದು ಆತ ಕೊಟ್ಟದ್ದಕ್ಕಿಂತ, ಕೊಡುವವನಾಗಿ ಆತ ನಿಂತ ಜಾಗ. 1970ರ ದಶಕದ ಮಧ್ಯದಿಂದ ಮೂರು ಭಾಗಗಳಲ್ಲಿ ಬಂದ 'ಹಸಿರು ಪುಸ್ತಕ'ದಲ್ಲಿ ಗಡಾಫಿ ಒಂದು ಸಿದ್ಧಾಂತ ಮಂಡಿಸಿದ. ಸಂಸತ್ತು, ಪಕ್ಷ, ಚುನಾವಣೆ ಎಲ್ಲವೂ ಜನರ ಅಧಿಕಾರವನ್ನು ಕದಿಯುವ ಉಪಾಯಗಳು. ನಿಜವಾದ ಪ್ರಜಾಪ್ರಭುತ್ವದಲ್ಲಿ ಪ್ರತಿನಿಧಿಗಳೇ ಇರಬಾರದು, ಜನ ಸಭೆ ಸೇರಿ ತಾವೇ ತೀರ್ಮಾನಿಸಬೇಕು ಎಂಬುದು ಅದರ ಸಾರ. ಇದು ಮೇಲುನೋಟಕ್ಕೆ ತೀರ ತಳ್ಳಿಹಾಕುವ ವಿಚಾರವಲ್ಲ. ಐದು ವರ್ಷಕ್ಕೊಮ್ಮೆ ಮತ ಹಾಕಿ ಮುಂದಿನ ಐದು ವರ್ಷ ಶಾಸಕರ ಮುಖ ಕಾಣದ ನಮಗೆ ಆ ಟೀಕೆ ನಾಟಲೇಬೇಕು. 1977ರಲ್ಲಿ ಲಿಬಿಯಾವನ್ನು 'ಜಮಾಹಿರಿಯಾ', ಅಂದರೆ ಜನಸಮುದಾಯಗಳ ರಾಜ್ಯ ಎಂದು ಘೋಷಿಸಲಾಯಿತು. 1979ರಲ್ಲಿ ಗಡಾಫಿ ತನ್ನ ಅಧಿಕೃತ ಹುದ್ದೆಯನ್ನೂ ಬಿಟ್ಟ. ಅಲ್ಲಿಂದಾಚೆಗೆ ಆತ ಅಧ್ಯಕ್ಷನಲ್ಲ, ಪ್ರಧಾನಿಯಲ್ಲ. ಬರೀ ಕ್ರಾಂತಿಯ ನಾಯಕ, ಮಾರ್ಗದರ್ಶಕ.

ಹುದ್ದೆ ಹೋಯಿತು, ಅಧಿಕಾರ ಹೋಗಲಿಲ್ಲ. ಸೇನೆ ಆತನ ಮಾತು ಕೇಳುತ್ತಿತ್ತು, ತೈಲದ ಹಣ ಆತನ ಕಣ್ಸನ್ನೆಯಲ್ಲಿ ಹರಿಯುತ್ತಿತ್ತು, ಕ್ರಾಂತಿ ಸಮಿತಿಗಳು ಬೀದಿಬೀದಿಯಲ್ಲಿ ಕಿವಿ ತೆರೆದು ಕೂತಿದ್ದವು. ರಾಜಕೀಯ ಪಕ್ಷ ಕಟ್ಟುವುದು ಮರಣದಂಡನೆಗೆ ದಾರಿಯಾಗುವ ಅಪರಾಧವಾಗಿತ್ತು. 1984ರಲ್ಲಿ ಸಾದಿಕ್ ಶುವೇಹ್ದಿ ಎಂಬ ಯುವಕನನ್ನು ಬೆಂಗಾಜಿಯ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ ಜನರೆದುರೇ ವಿಚಾರಣೆಯ ನಾಟಕವಾಡಿ ಗಲ್ಲಿಗೇರಿಸಿದರು, ಟಿವಿಯಲ್ಲೂ ತೋರಿಸಿದರು. ಯಾರು ಆದೇಶಿಸಿದ್ದು ಎಂದು ಕೇಳಿದರೆ ಉತ್ತರ ಸಿದ್ಧವಿತ್ತು: ಜನರು!

ಇಲ್ಲಿಯೇ ನನ್ನ ವಾದದ ಗಂಟಿದೆ. ಹುದ್ದೆ ಎಂದರೆ ಮರ್ಯಾದೆ, ಕಾರು, ಕಾವಲು ಮಾತ್ರವಲ್ಲ. ಹುದ್ದೆಗೆ ಅಂಚುಗಳಿರುತ್ತವೆ. ಇಲ್ಲಿಂದ ಇಲ್ಲಿಯವರೆಗೆ ನಿನ್ನ ಅಧಿಕಾರ, ಈ ದಿನದಿಂದ ಆ ದಿನದವರೆಗೆ ನಿನ್ನ ಕಾಲ, ತಪ್ಪಿದರೆ ಇಂಥವರಿಗೆ ನೀನು ಉತ್ತರ ಕೊಡಬೇಕು ಎಂದು ಹುದ್ದೆ ಹೇಳುತ್ತದೆ. ಹುದ್ದೆಯಿಲ್ಲದ ಅಧಿಕಾರಕ್ಕೆ ಅಂಚುಗಳಿಲ್ಲ. 2011ರ ಫೆಬ್ರುವರಿಯಲ್ಲಿ ಜನ ಬೀದಿಗಿಳಿದು ತೊಲಗು ಎಂದಾಗ ಗಡಾಫಿ ಟಿವಿಯಲ್ಲಿ ಕಾಣಿಸಿಕೊಂಡು, ತನಗೆ ಯಾವ ಹುದ್ದೆಯೂ ಇಲ್ಲ, ಇದ್ದಿದ್ದರೆ ರಾಜೀನಾಮೆಯನ್ನು ನಿಮ್ಮ ಮುಖಕ್ಕೆ ಎಸೆಯುತ್ತಿದ್ದೆ ಎಂಬರ್ಥದ ಮಾತಾಡಿದ. ಪ್ರಪಂಚ ನಕ್ಕಿತು. ನನಗೆ ಮಾತ್ರ ಅದು ಆತ ಆಡಿದ ಅತ್ಯಂತ ನಿಜವಾದ ಮಾತು ಎನ್ನಿಸುತ್ತದೆ. ಆತ ಕಟ್ಟಿದ ಮನೆಗೆ ಹೊರಹೋಗುವ ಬಾಗಿಲನ್ನೇ ಇಟ್ಟಿರಲಿಲ್ಲ. ಬಾಗಿಲಿಲ್ಲದ ಮನೆಯಿಂದ ಒಬ್ಬನನ್ನು ಹೊರಗೆ ತರಬೇಕಾದರೆ ಗೋಡೆ ಒಡೆಯಬೇಕು. ಗೋಡೆ ಒಡೆದಾಗ ಮನೆಯೂ ಬೀಳಬಹುದು.

ಆತ ಉರುಳಿಸಿದ ದೊರೆಯ ಗತಿಯನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಇದ್ರಿಸ್‌ಗೆ ಕ್ರಾಂತಿಯ ನ್ಯಾಯಾಲಯ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತ್ತು. ಆದರೂ ಆತ ಈಜಿಪ್ಟಿನಲ್ಲಿ ಬದುಕಿದ್ದು 1983ರಲ್ಲಿ ಮುಪ್ಪಿನಿಂದ ತೀರಿಕೊಂಡ, ಮದೀನಾದಲ್ಲಿ ಮಣ್ಣಾದ. ಕ್ರಾಂತಿಕಾರಿಯ ಕೊನೆ ಹಾಗಾಗಲಿಲ್ಲ. ದಂಗೆಯ ದಿನಗಳಲ್ಲಿ ಆತ ಬೆಂಗಾಜಿಯ ಬಂಡಾಯಗಾರರಿಗೆ ದಯೆ ತೋರಿಸುವುದಿಲ್ಲ ಎಂದು ಗುಡುಗಿದ. 2011ರ ಮಾರ್ಚ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಾಗರಿಕರ ರಕ್ಷಣೆಗೆ ಬಲ ಬಳಸಲು ಒಪ್ಪಿಗೆ ನೀಡಿತು. ಭಾರತವೂ ಸೇರಿದಂತೆ ಐದು ದೇಶಗಳು ಮತದಾನದಿಂದ ದೂರ ಉಳಿದವು. ನಾಗರಿಕರ ರಕ್ಷಣೆಗೆಂದು ಆರಂಭವಾದ ನೇಟೋ ದಾಳಿ ಆಡಳಿತವನ್ನು ಉರುಳಿಸುವವರೆಗೂ ಸಾಗಿತು. ಅಕ್ಟೋಬರ್ 20ರಂದು ಸಿರ್ತ್‌ನಿಂದ ಪಾರಾಗಲು ಹೊರಟ ವಾಹನಗಳ ಸಾಲಿನ ಮೇಲೆ ವಿಮಾನಗಳು ಎರಗಿದವು. ಗಡಾಫಿ ಚರಂಡಿಯ ಕೊಳವೆಯೊಂದರಲ್ಲಿ ಅಡಗಿದ. ಮಿಸ್ರಾತಾದ ಹೋರಾಟಗಾರರ ಕೈಗೆ ಜೀವಂತ ಸಿಕ್ಕ. ಸ್ವಲ್ಪ ಹೊತ್ತಿನಲ್ಲೇ ಹೆಣವಾದ.

ಆ ಹೋರಾಟಗಾರರಿಗೆ ನೀತಿಪಾಠ ಹೇಳಲು ನಾವು ಯಾರು? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಊರು ತಿಂಗಳುಗಟ್ಟಲೆ ಮುತ್ತಿಗೆಯಲ್ಲಿತ್ತು. ಮನೆಗಳ ಮೇಲೆ ಷೆಲ್‌ಗಳು ಬಿದ್ದಿದ್ದವು. ಅಣ್ಣತಮ್ಮಂದಿರನ್ನು ಹೂತು ಬಂದವರ ಕೈಗೆ ಅದಕ್ಕೆ ಕಾರಣನಾದವನೇ ಸಿಕ್ಕರೆ ಅವರ ಕೈ ನಡುಗದೆ ನಿಲ್ಲಬೇಕು ಎಂದು ದೂರದಲ್ಲಿ ಕೂತು ಬಯಸುವುದು ಸುಲಭ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅರ್ಥವಾಗುವುದು ಬೇರೆ, ಸರಿ ಎನ್ನುವುದು ಬೇರೆ. ಅದೇ ಸಿರ್ತ್‌ನ ಮಹಾರಿ ಹೋಟೆಲಿನಲ್ಲಿ ಕೆಲವು ದಿನಗಳ ನಂತರ 53 ಶವಗಳು ಸಿಕ್ಕವು. ಕೆಲವರ ಕೈಗಳನ್ನು ಹಿಂದಕ್ಕೆ ಕಟ್ಟಲಾಗಿತ್ತು. ಒಬ್ಬ ಸರ್ವಾಧಿಕಾರಿಗಾಗಿ ತೆರೆದ ಬಾಗಿಲಿನಲ್ಲಿ ಎಷ್ಟು ಜನರನ್ನು ನೂಕಬಹುದು ಎಂಬುದಕ್ಕೆ ಆ ಬಾಗಿಲಿಗೆ ಲೆಕ್ಕವಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ಹೇಳಲು ದಂಗೆಯ ಮೂಲಕ್ಕೆ ಹೋಗಬೇಕು. 1996ರ ಜೂನ್‌ನಲ್ಲಿ ಟ್ರಿಪೋಲಿಯ ಅಬು ಸಲೀಮ್ ಜೈಲಿನಲ್ಲಿ ಸುಮಾರು 1200 ಕೈದಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ಮನೆಯವರಿಗೆ ವರ್ಷಗಟ್ಟಲೆ ಹೇಳಲೇ ಇಲ್ಲ. ತಾಯಂದಿರು, ಹೆಂಡಂದಿರು ಬಟ್ಟೆ, ತಿನಿಸು ಕಟ್ಟಿಕೊಂಡು ಜೈಲಿನ ಬಾಗಿಲಿಗೆ ಬರುತ್ತಲೇ ಇದ್ದರು, ಒಳಗಿನವರು ಅವನ್ನು ತೆಗೆದುಕೊಳ್ಳುತ್ತಲೇ ಇದ್ದರು. ಸತ್ತವನಿಗೆ ಬುತ್ತಿ ಹೊತ್ತು ನಡೆದ ಆ ದಾರಿಯನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಂದೆ ಬೆಂಗಾಜಿಯಲ್ಲಿ ಆ ಕುಟುಂಬಗಳು ಫೋಟೊಗಳನ್ನು ಹಿಡಿದು ವಾರವಾರ ನಿಲ್ಲತೊಡಗಿದವು. ಅವರ ಪ್ರಶ್ನೆ ಸರಳ: ಯಾಕೆ ಕೊಂದಿರಿ, ಹೆಣ ಎಲ್ಲಿ? ಸರ್ಕಾರ ಪರಿಹಾರದ ಹಣ ಕೊಡಲು ಬಂದಾಗ ಹಲವರು ಒಲ್ಲೆ ಎಂದರು. ಅವರಿಗೆ ಬೇಕಿದ್ದದ್ದು ಉತ್ತರ. 2011ರ ಫೆಬ್ರುವರಿ 15ರಂದು ಆ ಕುಟುಂಬಗಳ ವಕೀಲ ಫತಿ ತರ್ಬಿಲ್‌ರನ್ನು ಬಂಧಿಸಿದಾಗ ಜನ ಬೀದಿಗೆ ಬಂದರು. ಕ್ರಾಂತಿಯ ಕಿಡಿ ಹೊತ್ತಿದ್ದು ಹಾಗೆ. ಪಟ್ಟಿ ಕಳಿಸುವ ಗೆಳೆಯರು ಇದನ್ನು ಗಮನಿಸಬೇಕು: ಪುಕ್ಕಟೆ ಕರೆಂಟಿನ ದೇಶದಲ್ಲಿ ಮೊದಲು ಬೀದಿಗೆ ನಿಂತವರು ಕೇಳಿದ್ದು ಸತ್ಯವನ್ನು.

ಆ ಪ್ರಶ್ನೆಗೆ ಎಲ್ಲರಿಗಿಂತ ಚೆನ್ನಾಗಿ ಉತ್ತರ ಗೊತ್ತಿದ್ದಿರಬಹುದಾದವನನ್ನು ಒಂದು ಮಾತೂ ಕೇಳದೆ ಕೊಂದುಬಿಟ್ಟರು. ಆತನ ದೇಹವನ್ನು ಮಿಸ್ರಾತಾದ ಮಾಂಸದ ಶೀತಲಗೃಹದಲ್ಲಿ ನೆಲದ ಮೇಲಿಟ್ಟರು. ಜನ ಸಾಲುಗಟ್ಟಿ ಬಂದು ಮೂಗು ಮುಚ್ಚಿಕೊಂಡು ನೋಡಿದರು, ಫೋಟೊ ತೆಗೆದುಕೊಂಡರು. ಆಮೇಲೆ ಯಾರಿಗೂ ಗೊತ್ತಾಗದ ಜಾಗದಲ್ಲಿ, ಮರುಭೂಮಿಯಲ್ಲಿ ಹೂತರು. ಅಬು ಸಲೀಮ್‌ನ ಸತ್ತವರಿಗೂ ಆದದ್ದು ಇದೇ: ವಿಚಾರಣೆಯಿಲ್ಲ, ಗುರುತಿನ ಗೋರಿಯಿಲ್ಲ. ಆತನನ್ನು ಸೋಲಿಸಿದವರು ಆತನ ವಿಧಾನವನ್ನು ಗೆಲ್ಲಿಸಿದರು.

ವಿಚಾರಣೆ ನಡೆದಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಹಾಗೇನೂ ನಾನು ನಂಬುವುದಿಲ್ಲ. ಇರಾಕಿನಲ್ಲಿ ಸದ್ದಾಂ ಹುಸೇನ್‌ನ ವಿಚಾರಣೆಯಲ್ಲಿ ಲೋಪಗಳು ತುಂಬಿದ್ದವು. ಗಲ್ಲಿನ ಹಗ್ಗದ ಬಳಿಯೂ ಹಗೆತನದ ಕೂಗು ಕೇಳಿಸಿತು. ಆದರೂ ಅಲ್ಲಿ ದುಜೈಲ್ ಊರಿನವರು ಕಟಕಟೆಯ ಮುಂದೆ ನಿಂತು, ತಮ್ಮವರಿಗೆ ಏನಾಯಿತೆಂದು ಹೇಳಿದರು. ಅದು ದಾಖಲಾಯಿತು. ಆಪಾದಿತ ಅದನ್ನು ಕೂತು ಕೇಳಬೇಕಾಯಿತು. ನ್ಯಾಯಾಲಯದ ಮುಖ್ಯ ಕೆಲಸ ಶಿಕ್ಷೆ ಎಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅದಕ್ಕೂ ಮೊದಲಿನ ಕೆಲಸ ಒಂದಿದೆ: ನೊಂದವರ ಮಾತಿಗೆ ಬಲಿಷ್ಠರು ಕಿವಿಗೊಡುವಂತೆ ಮಾಡುವುದು. ಗುಂಡು ಶಿಕ್ಷೆ ಕೊಡಬಲ್ಲದು, ಈ ಕೆಲಸ ಮಾಡಲಾರದು.

ಆಮೇಲಿನ ಲಿಬಿಯಾ ನಮಗೆ ಗೊತ್ತೇ ಇದೆ. ಬಂದೂಕು ಹಿಡಿದ ಗುಂಪುಗಳು ಅದನ್ನು ಕೆಳಗಿಡಲಿಲ್ಲ. 2014ರಿಂದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಆಡಳಿತ. 2023ರ ಸೆಪ್ಟೆಂಬರ್‌ನಲ್ಲಿ ದೆರ್ನಾ ನಗರದ ಮೇಲಿನ ಎರಡು ಹಳೆಯ ಅಣೆಕಟ್ಟುಗಳು ಒಡೆದು ಸಾವಿರಾರು ಜನ ಕೊಚ್ಚಿಹೋದರು. ಅವುಗಳ ದುರಸ್ತಿ ಗಡಾಫಿಯ ಕಾಲದಿಂದಲೂ ಬಾಕಿ ಇತ್ತು, ಆತನ ನಂತರವೂ ಆಗಲಿಲ್ಲ. ಅದಕ್ಕಾಗಿಯೇ ಗಡಾಫಿ ಇದ್ದಿದ್ದರೆ ಚೆನ್ನಾಗಿತ್ತು ಎಂಬ ವಾದವನ್ನು ನಾನು ಒಪ್ಪಲಾರೆ. ತಾನಿಲ್ಲದೆ ಯಾವುದೂ ನಿಲ್ಲದಂತೆ ದೇಶ ಕಟ್ಟಿದವನು, ತಾನು ಹೋದ ಮೇಲೆ ಆದ ಹಾಳಿಗೂ ಉತ್ತರದಾಯಿ. ಹಾಗೆಂದು ಗೋಡೆ ಒಡೆಯಲು ಹೊರಗಿನಿಂದ ಬಂದು, ಮನೆ ಬೀಳುವಾಗ ಹಿಂದೆ ಸರಿದ ದೇಶಗಳೂ ಕೈ ತೊಳೆದುಕೊಳ್ಳುವಂತಿಲ್ಲ.

ಒಬ್ಬ ನಾಯಕನನ್ನು ಅಳೆಯುವಾಗ ಆತ ಏನು ಕೊಟ್ಟ ಎಂದು ಕೇಳುವುದು ನಮಗೆ ರೂಢಿ. ನಮ್ಮ ಚುನಾವಣೆಗಳೂ ಈಗ ಹೆಚ್ಚಾಗಿ ಅದೇ ಪ್ರಶ್ನೆಯ ಸುತ್ತ ತಿರುಗುತ್ತವೆ. ಕೇಳೋಣ, ತಪ್ಪಿಲ್ಲ, ಅನ್ನ, ನೀರು, ಓದು ಸಣ್ಣ ವಿಷಯಗಳಲ್ಲ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಈತನನ್ನು ಕೊಲ್ಲದೆ ಮನೆಗೆ ಕಳಿಸುವ ದಾರಿ ಇದೆಯೇ? ಆ ದಾರಿಯನ್ನು ಈತ ಅಗಲ ಮಾಡುತ್ತಿದ್ದಾನೋ, ಮುಚ್ಚುತ್ತಿದ್ದಾನೋ? ಮುಚ್ಚುತ್ತಿದ್ದರೆ, ಕೈಯಲ್ಲಿ ಎಷ್ಟೇ ದೊಡ್ಡ ಪಟ್ಟಿ ಹಿಡಿದಿದ್ದರೂ ಆತ ತನ್ನ ಜನರ ಪಾಲಿಗೆ, ಕೊನೆಗೆ ತನ್ನ ಪಾಲಿಗೂ, ಒಂದು ಚರಂಡಿಯ ಕೊಳವೆಯನ್ನೇ ಸಿದ್ಧಮಾಡುತ್ತಿದ್ದಾನೆ.