ಶ್ರಾವಣಿಯ ಮೌನವೂ ಲಕ್ಕಮ್ಮನ ಮಾತೂ

2019ರಲ್ಲಿ ತೆರೆಕಂಡ ಶಿವ ನಿರ್ವಾಣರ ತೆಲುಗು ಚಿತ್ರ ‘ಮಜಿಲಿ’ಯ ಕಥೆ ನಡೆಯುವುದು ವಿಶಾಖಪಟ್ಟಣದಲ್ಲಿ. ಕ್ರಿಕೆಟ್ಟೂ ಮೊದಲ ಪ್ರೀತಿಯೂ ಕೈತಪ್ಪಿದ ಪೂರ್ಣ ಕುಡಿತಕ್ಕೆ ಬಿದ್ದಿದ್ದಾನೆ. ರೈಲ್ವೆಯಲ್ಲಿ ದುಡಿಯುವ ಹೆಂಡತಿ ಶ್ರಾವಣಿ ತುಟಿಪಿಟಕ್ಕೆನ್ನದೆ ಅವನನ್ನು ಸಾಕುತ್ತಾಳೆ. ಕೆಲವರಿಗೆ ಇದು ನಿಷ್ಕಾಮ ಪ್ರೇಮ, ಕೆಲವರಿಗೆ ಹೆಣ್ಣಿನ ಮೇಲೆ ಹೊರಿಸಿದ ಹೊರೆ. ನಿಷ್ಕಾಮವೆಂದರೆ ಫಲದ ಆಸೆ ಬಿಡುವುದು, ವಿವೇಕವನ್ನಲ್ಲ. ವಿವೇಕ ಬಿಡದ ಭಕ್ತಿಗೆ ಹಳೆಯ ಉದಾಹರಣೆಯೊಂದಿದೆ: ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಶರಣೆ ಆಯ್ದಕ್ಕಿ ಲಕ್ಕಮ್ಮ ಅದನ್ನು ಬೇಯಿಸಲಿಲ್ಲ. ಇದು ಆಸೆ, ವಾಪಸ್ಸು ಸುರಿದು ಬಾ ಎಂದಳು. ಅವಳ ಭಕ್ತಿಗೆ ಅದರಿಂದ ಕುಂದೇನೂ ಬರಲಿಲ್ಲ.

ಲಕ್ಕಮ್ಮನ ಮಾತು ಕೇಳುವ ಗಂಡನಿದ್ದ, ಶ್ರಾವಣಿಗೆ ಆ ಭಾಗ್ಯವಿಲ್ಲ ಎನ್ನಬಹುದು. ಒಪ್ಪೋಣ; ಎಷ್ಟೋ ಮನೆಗಳಲ್ಲಿ ಮೌನವೇ ಬದುಕುವ ದಾರಿ. ಅದನ್ನು ತೋರಿಸಿದ್ದು ಚಿತ್ರದ ತಪ್ಪಲ್ಲ. ಆದರೆ ಪೂರ್ಣನನ್ನು ಮತ್ತೆ ಮೈದಾನಕ್ಕೆ ಕರೆತರುವುದು ಮೊದಲ ಪ್ರೇಯಸಿಯ ಮಗಳು ಮೀರಾ. ಹೆಂಡತಿಯ ತಾಳ್ಮೆಯನ್ನು ಹಾಡಿ ಹೊಗಳುವ ಕಥೆ, ಗಂಡನನ್ನು ತಿದ್ದುವ ಕೆಲಸವನ್ನು ಮಾತ್ರ ಬೇರೆಯವರಿಗೆ ವಹಿಸುತ್ತದೆ. ಹಾಗಿದ್ದಮೇಲೆ ಆ ತಾಳ್ಮೆಯನ್ನು ಧರ್ಮವೆಂದು ಪೂಜಿಸಲು ಚಿತ್ರವೇ ನಮಗೆ ಕಾರಣ ಕೊಟ್ಟಿಲ್ಲ.