ನಮ್ಮ ಶಾಕಾಹಾರವೂ ಮುಪ್ಪಾದ ಎತ್ತೂ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮನೆಗಳಲ್ಲಿ ಮಾಂಸ ತಿನ್ನಬೇಕೋ ಬೇಡವೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಕೊರಳಲ್ಲಿ ಲಿಂಗವಿದೆ, ಆದ್ದರಿಂದ ಒಲೆಯ ಮೇಲೆ ಮಾಂಸವಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಇಷ್ಟರಲ್ಲಿ ಹೊಟ್ಟೆಯೂ ತುಂಬುತ್ತದೆ, ದುಡಿಯುವ ಮೈಗೆ ಬಲವೂ ಬರುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಉಂಟು. ಮಾಂಸ ತಿನ್ನದವನು ಬಡಕಲಾಗುತ್ತಾನೆ ಎನ್ನುವವರು ನಮ್ಮ ಹೊಲಗಳಿಗೆ ಬಂದು ನೋಡಬಹುದು. ಆದರೆ ಇದು ನಮ್ಮ ಹಿರಿಯರು ಮಾಡಿಟ್ಟ ಆಯ್ಕೆ. ನಾವು ಅದನ್ನು ಉಣ್ಣುತ್ತಿದ್ದೇವೆ ಅಷ್ಟೆ. ನಮ್ಮ ಕಾಲಕ್ಕೆ, ನಮ್ಮ ಕೈಗೆ ಬಂದಿರುವ ಆಯ್ಕೆ ದನದ ಕೊಟ್ಟಿಗೆಯಲ್ಲಿ ನಿಂತಿದೆ.

ಕಾರ ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ ಕೈಮುಗಿಯುತ್ತೇವೆ. ಖಿಲಾರಿ ಎತ್ತು ಗಟ್ಟಿಮುಟ್ಟಾಗಿರುವ ತನಕ ನೊಗ ಹೊರುತ್ತದೆ. ಕಾಲು ಸೋತ ಮೇಲೆ ಏನು? 400 ಕಿಲೋ ತೂಗುವ ಎತ್ತಿಗೆ ದಿನಕ್ಕೆ 8 ಕಿಲೋ ಒಣಮೇವಾದರೂ ಬೇಕು; ವರ್ಷಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 3 ಟನ್ ಕಣಕಿ. ಮಳೆ ಕೈಕೊಟ್ಟ ವರ್ಷ ಇದನ್ನು ಎಲ್ಲಿಂದ ತರುವುದು? 2019ರ ಬರದಲ್ಲಿ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳಲ್ಲಿ ಮೇವಿನ ಛಾವಣಿಗಳು ತೆರೆದಾಗ, ಹಾಲು ಕೊಡುವ ದನಕ್ಕೇ ಮೇವು ಸಾಲದ ಹೊತ್ತಿನಲ್ಲಿ, ದುಡಿಯಲಾಗದ ಎತ್ತನ್ನು ಕಟ್ಟಿಕೊಂಡಿರುವುದು ಎಷ್ಟು ಕಷ್ಟವೆಂದು ಒಕ್ಕಲುತನ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಎತ್ತು ಸಂತೆಗೆ ಹೋಗುತ್ತದೆ. ದಲ್ಲಾಳಿ ಹಗ್ಗ ಹಿಡಿದು ಹೊರಡುವಾಗ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಮನೆಗೆ ಬಂದು ತಾಯಂದಿರ ಮುಂದೆ "ಸಾಕುವವರಿಗೇ ಕೊಟ್ಟೆ" ಎಂದರೆ ಮುಗಿಯಿತು. ಆ ರಾತ್ರಿಯೂ ಊಟ ಶುದ್ಧ ಶಾಕಾಹಾರವೇ.

ಕಾನೂನು ಬಂದಿದೆಯಲ್ಲ ಎನ್ನಬಹುದು. ಮಹಾರಾಷ್ಟ್ರದಲ್ಲಿ 1976ರ ಕಾನೂನು ಆಕಳ ವಧೆಯನ್ನು ನಿಷೇಧಿಸಿತ್ತು. ಅದನ್ನು ಹೋರಿ, ಎತ್ತುಗಳಿಗೂ ವಿಸ್ತರಿಸುವ 1995ರ ತಿದ್ದುಪಡಿಗೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಕಾನೂನು ಕತ್ತಿಯನ್ನು ತಡೆಯಿತು, ಕಣಕಿ ಕೊಡಲಿಲ್ಲ. ಕೊಳ್ಳುವವರಿಲ್ಲದ ಎತ್ತನ್ನು ಕತ್ತಲಲ್ಲಿ ಊರಾಚೆ ಬಿಟ್ಟುಬರುವವರುಂಟು. ಅದು ಹಸಿದು ಮತ್ತೊಬ್ಬ ರೈತನ ಬೆಳೆಗೆ ನುಗ್ಗಿ ಬಡಿಗೆಯ ಪೆಟ್ಟು ತಿನ್ನುತ್ತದೆ. ಕೊಲ್ಲಲಿಲ್ಲವೆಂಬ ಸಮಾಧಾನ ಬಿಟ್ಟುಬಂದವನದು, ಸಂಕಟ ಎತ್ತಿನದು.

ಎಮ್ಮೆ, ಕೋಣ ಈ ನಿಷೇಧದ ಹೊರಗಿವೆ, ಅಲ್ಲಿನ ಮಾತು ಇನ್ನೂ ನೇರ. ಪಂಢರಪುರಿ ಎಮ್ಮೆ ನಮ್ಮ ಭಾಗದ ಹೆಮ್ಮೆ. ಹಾಲು ಬೇಕೆಂದರೆ ಎಮ್ಮೆ ಈಯಲೇಬೇಕು. ಸುಮಾರು 310 ದಿನ ಗಬ್ಬ ಹೊತ್ತು ಈದರೆ ಎರಡರಲ್ಲೊಂದು ಗಂಡುಗರು. ಹೊಲಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಕೋಣಕ್ಕೆ ಕೆಲಸವಿಲ್ಲ. ತಾಯಿಯ ಹಾಲೆಲ್ಲ ಡೇರಿಯ ಕ್ಯಾನಿಗೆ ಹೋದರೆ ಕರು ಗೂಟದಲ್ಲೇ ಸೊರಗುತ್ತದೆ, ಇಲ್ಲವೆ ಮಾರಾಟವಾಗುತ್ತದೆ. ನಮ್ಮ ದೇಶ ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೆ ಮೊದಲು. ಎಮ್ಮೆ ಮಾಂಸದ ರಫ್ತಿನಲ್ಲೂ ಮುಂಚೂಣಿಯಲ್ಲಿದೆ. ಇವೆರಡೂ ಹೊರಡುವುದು ಒಂದೇ ಕೊಟ್ಟಿಗೆಯಿಂದ.

ಪುಣೆ, ಬೆಂಗಳೂರಿಗೆ ಓದಲು ಹೋದ ಮಕ್ಕಳಲ್ಲಿ ಕೆಲವರು ಹಾಲು, ಮೊಸರು, ತುಪ್ಪವನ್ನೂ ಬಿಡುತ್ತೇವೆ ಎನ್ನತೊಡಗಿದ್ದಾರೆ. ಹಿರಿಯರು ನಗುತ್ತಾರೆ. ನಗುವ ಮಾತಲ್ಲ ಅದು. ಗಂಡುಗರುವಿನ ಕಥೆ ತಿಳಿದ ಮೇಲೆ ಹುಟ್ಟಿದ ಪ್ರಶ್ನೆ. ಹಾಗೆಂದು ಎಲ್ಲರೂ ಹಾಲು ಬಿಡಿರೆಂದು ನಾವು ಹೇಳಲಾರೆವು. ಬಿ-12 ಎಂಬ ಜೀವಸತ್ವ ಕಾಳು, ಕಾಯಿಪಲ್ಯಗಳಲ್ಲಿ ದೊರೆಯದು. ಹಾಲು ಬಿಟ್ಟವರು ಗುಳಿಗೆಯನ್ನೋ ಅದನ್ನು ಬೆರೆಸಿದ ಆಹಾರವನ್ನೋ ತಪ್ಪದೆ ತೆಗೆದುಕೊಳ್ಳಬೇಕು. ಎರಡೆಕರೆ ಒಣಭೂಮಿಯ ಮನೆಗೆ ಹಾಲಿನ ದುಡ್ಡೇ ಮಕ್ಕಳ ಶಾಲೆಯ ಫೀ, ಸಗಣಿಯೇ ಹೊಲದ ಗೊಬ್ಬರ. ಇಂಥ ಮನೆಯವರು ಎಮ್ಮೆ ಕಟ್ಟುವುದನ್ನು ನಿಲ್ಲಿಸಿದರೆ ದಯೆ ಹೆಚ್ಚುತ್ತದೆಂದು ನಮಗೆ ತೋರುವುದಿಲ್ಲ. ಆದರೆ ಹಾಲು ಕುಡಿಯುವವರಿಗೆ ಕರುವಿನ ಋಣವೂ ಇದೆ ಎಂಬಷ್ಟನ್ನು ಆ ಮಕ್ಕಳಿಂದ ಕಲಿಯಬೇಕು.

ಇನ್ನೊಂದು ಮಾತು ಖಾರವಾದರೂ ಹೇಳಲೇಬೇಕು. ಮಾಂಸ ತಿನ್ನುವವರಿಗೆ ಮನೆ ಬಾಡಿಗೆಗೆ ಕೊಡದವರು, ಹೊಲಕ್ಕೆ ಬಂದ ಕೂಲಿಯವರ ಬುತ್ತಿ ನೋಡಿ ಮುಖ ತಿರುಗಿಸುವವರು ನಮ್ಮಲ್ಲಿದ್ದಾರೆ. ದೇಶದಲ್ಲಿ ಮಾಂಸ ತಿನ್ನುವವರೇ ಹೆಚ್ಚು ಜನ. ಕಲ್ಯಾಣದ ಶರಣರ ನಡುವೆ ತೊಗಲು ಹದ ಮಾಡುವ ಡೋಹರ ಕಕ್ಕಯ್ಯನವರೂ, ಮಚ್ಚೆ ಹೊಲಿಯುವ ಹರಳಯ್ಯನವರೂ ಸಮಾನರಾಗಿ ಕುಳಿತಿದ್ದರು. ಸತ್ತ ದನದ ತೊಗಲು ಮುಟ್ಟಿದ ಕೈಯನ್ನು ಬಸವಣ್ಣನವರು ಹಿಡಿದರು. ಎತ್ತನ್ನು ದಲ್ಲಾಳಿಗೆ ಕೊಟ್ಟು ನೋಟು ಎಣಿಸಿದ ಕೈ, ಅದೇ ಎತ್ತನ್ನು ಕೊಯ್ದವನನ್ನು ಮಾತ್ರ ಪಾಪಿಯೆಂದು ತೋರಿಸಿದರೆ ಆ ಬೆರಳಿಗೆ ನ್ಯಾಯವಿದೆಯೇ? ಕಿರಾಣಿ ಅಂಗಡಿಯಲ್ಲಿ ತತ್ತಿ ಇಡಬೇಕೋ ಬೇಡವೋ ಎಂದು ವ್ಯಾಪಾರಸ್ಥರು ಆಗಾಗ ಕೇಳುತ್ತಾರೆ. ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಇಟ್ಟು ಮಾರಿ ಲಾಭ ಪಡೆಯುವವರು ಕೊಳ್ಳುವವರನ್ನು ಹೀಗಳೆಯದಿದ್ದರೆ ಸಾಕು.

ಮಾಡಬಹುದಾದದ್ದು ಏನಾದರೂ ಇದೆಯೇ? ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ದೊರೆಯುತ್ತಿದೆ. ರಾಷ್ಟ್ರೀಯ ಗೋಕುಲ ಮಿಷನ್ ಯೋಜನೆಯಲ್ಲಿ ಅದಕ್ಕೆ ರಿಯಾಯಿತಿಯೂ ಉಂಟು. ಅದರಿಂದ ಹುಟ್ಟುವ 100 ಕರುಗಳಲ್ಲಿ ಸುಮಾರು 90 ಹೆಣ್ಣು. ಬೇಡದ ಕರು ಹುಟ್ಟದಿರುವುದು ಹುಟ್ಟಿದ ಕರುವನ್ನು ಉಪವಾಸ ಕೆಡವುವುದಕ್ಕಿಂತ ಮೇಲು. ಇನ್ನು ಮುಪ್ಪಾದ ದನಗಳಿಗೆ ಊರೊಟ್ಟಿನ ಮೇವಿನ ಬಣವೆ. ದಿನಕ್ಕೆ 6 ಲೀಟರಿನಂತೆ 270 ದಿನ ಹಾಲು ಹಾಕುವ ಮನೆಯವರು ಲೀಟರಿಗೆ 2 ರೂಪಾಯಿ ತೆಗೆದಿಟ್ಟರೆ 3,240 ರೂಪಾಯಿ ಆಗುತ್ತದೆ. ಅಷ್ಟರಲ್ಲಿ ಒಂದು ಎತ್ತಿನ ವರ್ಷದ ಮೇವು ನಡೆಯದು. ಹತ್ತು ಮನೆಯವರು ಸೇರಿದರೆ ಎಷ್ಟು ಎತ್ತು ನಡೆಯುತ್ತವೆ ಎಂಬುದನ್ನು ಈ ಸುಗ್ಗಿಯ ಕಣಕಿಯ ಧಾರಣೆ ನೋಡಿ ನಿಮ್ಮೂರಲ್ಲೇ ಕುಳಿತು ಲೆಕ್ಕ ಹಾಕಿರಿ.