ಹಳೆಯ ಕ್ಯಾಮೆರಾ, ಹೊಸ ಕೈ


*ಇಂದಿನ ಚಿಂತನೆ*



ಕೊಣ್ಣೂರಿನಲ್ಲಿ ಮದುವೆ, ಕುಬಸ, ಜಾವಳದ ಫೋಟೊ ತೆಗೆದು ಹೊಟ್ಟೆ ಹೊರೆಯುವವನು ನಾನು. ಹೊಸ ಕ್ಯಾಮೆರಾ ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ಈ ವರ್ಷ ರೀಫರ್ಬಿಶ್ಡ್ ಬಾಡಿ ಕೊಂಡೆ. ಮೂವತ್ತು ಸಾವಿರ ಉಳಿಯಿತು. ಶಟರ್ ಬದಲಿಸಿದ್ದು, ಹಿಡಿಕೆಗೆ ಹೊಸ ರಬ್ಬರ್ ಹಾಕಿದ್ದು, ತಳದಲ್ಲಿ ಒಂದು ಗೀರು ಇರುವುದು, ಎಲ್ಲವನ್ನೂ ಅಂಗಡಿಯವರು ಬರೆದುಕೊಟ್ಟಿದ್ದರು. ಇದ್ದದ್ದು ಇದ್ದಂತೆ ಹೇಳಿದ್ದರಿಂದಲೇ ನಾನು ಧೈರ್ಯವಾಗಿ ಹಣ ಕೊಟ್ಟೆ.

ಮುಂದಿನ ವಾರ ನನ್ನ ಹಳೆಯ ಕ್ಯಾನನ್ 6ಡಿ ಮಾರಲು ನಿಂತೆ. ಆ ಮಾದರಿಯ ಶಟರಿಗೆ ಕಂಪನಿ ಹೇಳುವ ಬಾಳಿಕೆ 1,00,000 ಕ್ಲಿಕ್. ನನ್ನದು 92,000 ದಾಟಿತ್ತು. ಜೊತೆಗಿದ್ದ ಲೆನ್ಸಿನ ಒಳಗೆ ಫಂಗಸ್ ಹಿಡಿಯತೊಡಗಿತ್ತು. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ತುಂತುರಿನಲ್ಲಿ ದುಡಿಸಿ ಒರೆಸದೆ ಬ್ಯಾಗಿಗೆ ಹಾಕಿದ್ದು ನಾನೇ.

ನಮ್ಮ ಓಣಿಯ ಹುಡುಗನೊಬ್ಬ ಬಂದ. ಈಗಷ್ಟೇ ಕೆಲಸ ಕಲಿಯುತ್ತಿದ್ದಾನೆ.

"ಅಣ್ಣಾರ, ಚಲೋ ಐತಲ್ರಿ?"

"ಚಲೋ ಐತಿ" ಅಂದೆ.

ಸುಳ್ಳು ಹೇಳಲಿಲ್ಲ. ಕ್ಯಾಮೆರಾ ನಡೆಯುತ್ತಿತ್ತು. ಶಟರ್ ಎಷ್ಟಾಗಿದೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನ ಹಣ ತರುತ್ತೇನೆಂದು ಹೋದ. ರಾತ್ರಿ ನಿದ್ದೆ ಬರಲಿಲ್ಲ.

ಪಂಚಶೀಲದ ನಾಲ್ಕನೆಯದನ್ನು ಮುರಿದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಎರಡನೆಯದು ಎದುರಿಗೆ ನಿಂತಿತು: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು. ಹುಡುಗ ಹಣ ಕೊಡುವುದು ಸ್ವಚ್ಛ ಲೆನ್ಸಿಗೆ. ಫಂಗಸ್ ಹಿಡಿದ ಗಾಜಿಗೆ ಅಷ್ಟು ಹಣ ಕೊಡಲು ಅವನು ಒಪ್ಪಿಲ್ಲ. ಹೆಚ್ಚಿಗೆ ಬಂದದ್ದು ಅವನು ನನಗೆ ಕೊಟ್ಟದ್ದಾದರೂ ಹೇಗೆ? ವೇಳುದ್ವಾರದ ಗೃಹಸ್ಥರಿಗೆ ಬುದ್ಧರು ಹೇಳಿದ ಅಳತೆ ಸರಳ: ನನಗೆ ಅಪ್ರಿಯವಾದದ್ದು ಇನ್ನೊಬ್ಬರಿಗೂ ಅಪ್ರಿಯವೇ. ಕೊಳ್ಳುವಾಗ ನನಗೆ ಎಲ್ಲ ಗೊತ್ತಾಗಬೇಕಿತ್ತು, ಮಾರುವಾಗ ಅವನಿಗೆ ಬೇಡವೆ?

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಭಂತೆ ಆನಂದರಿಗೆ ಐನೂರು ವಸ್ತ್ರ ದಾನ ಬಂದಾಗ, ಇಷ್ಟೊಂದು ಏಕೆ ಎಂದು ಕೋಸಂಬಿಯ ಉದೇನ ರಾಜ ಕೇಳಿದ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯ ಚೀವರ? ಹೊದಿಕೆಯಾಗುತ್ತದೆ. ಆ ಹೊದಿಕೆ ಹಳತಾದರೆ? ಹಾಸಿಗೆಯ ಗವಸು. ಆಮೇಲೆ ನೆಲಹಾಸು, ಕಾಲೊರಸು, ಧೂಳು ಒರೆಸುವ ಬಟ್ಟೆ. ಕೊನೆಗೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ. ಅಲ್ಲಿ ಪ್ರತಿ ಹಂತದಲ್ಲೂ ಬಟ್ಟೆ ಎಷ್ಟು ಸವೆದಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಕಾಲೊರಸನ್ನು ಚೀವರವೆಂದು ಯಾರೂ ಯಾರಿಗೂ ಕೊಡಲಿಲ್ಲ.

ಬೆಳಿಗ್ಗೆ ನಾನೇ ಹುಡುಗನ ಮನೆಗೆ ಹೋದೆ. ಶಟರ್ ಲೆಕ್ಕ ಹೇಳಿದೆ, ಮೊಬೈಲ್ ಟಾರ್ಚ್ ಬಿಟ್ಟು ಲೆನ್ಸಿನ ಫಂಗಸ್ ತೋರಿಸಿದೆ. ಅವನ ಮುಖ ಸಣ್ಣದಾಯಿತು. "ನಿನ್ನೆ ಯಾಕ ಹೇಳಲಿಲ್ರಿ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು, ಐದು ಸಾವಿರ ಕಡಿಮೆಗೆ ಬಾಡಿ ಮಾತ್ರ ಒಯ್ದ. ಲೆನ್ಸ್ ಇನ್ನೂ ನನ್ನ ಕಪಾಟಿನಲ್ಲಿದೆ.

ಹಣ ಉಳಿಸುವುದು ತಪ್ಪಲ್ಲ. ಆದರೆ ನಾನು ಉಳಿಸಿದ್ದನ್ನು ಇನ್ನೊಬ್ಬ ತುಂಬಿಕೊಡುವಂತಾದರೆ ಅದು ಉಳಿತಾಯವಲ್ಲ.

🪷 *ಇಂದಿನ ಅಭ್ಯಾಸ:* ಬೈಕ್, ಎಮ್ಮೆ, ಮೊಬೈಲ್, ಏನನ್ನೇ ಮಾರಿದರೂ ಅದರ ಒಂದು ಕೊರತೆಯನ್ನು ಅವರು ಕೇಳುವ ಮೊದಲೇ ಹೇಳೋಣ.

ಎಲ್ಲರಿಗೂ ಮಂಗಳವಾಗಲಿ 🙏